ಹಳ್ಳದ ಕಲ್ಲಿನಡಿ ಯಾರಿದ್ದಾರೆ?

ಓದುಗರ ಪ್ರಶ್ನೆ, ಮೇಷ್ಟ್ರಮ್ಮನ ಉತ್ತರ

ಕಳೆದ ಸಂಚಿಕೆಯಲ್ಲಿ ಇನ್ನೇನೋ ಹೇಳುತ್ತ, ಕಾಡಿನ ಹಳ್ಳದ ನೀರು ಹೇಗಿದೆ ಅನ್ನುವುದನ್ನು ಅದರಲ್ಲಿರುವ ಹುಳಗಳನ್ನು ನೋಡಿಯೇ ಅಂದಾಜು ಮಾಡಬಹುದು ಎಂದು ಬರೆದಿದ್ದೆ. ಮಲೆನಾಡಿನವರು ಆ ಒಂದು ವಾಕ್ಯವನ್ನೇ ಹಿಡಿದುಕೊಂಡಿದ್ದೀರಿ. ಸಂಪಾದಕರು ಕಳಿಸಿದ ಕಟ್ಟಿನಲ್ಲಿ ಮುಕ್ಕಾಲು ಪಾಲು ಇದೇ ವಿಷಯ. ಹಾವು, ಮಂಗ, ಕಾಡುಹಂದಿಗಳ ಬಗ್ಗೆ ಕೇಳಿದವರು ಈ ಸಲ ಕ್ಷಮಿಸಬೇಕು.

ಪ್ರಶ್ನೆ: ದೀಪಾವಳಿ ಕಳೆದ ಮೇಲೆ ನಮ್ಮ ಮನೆ ಕೆಳಗಿನ ಹಳ್ಳದಲ್ಲಿ ಯಾವ ಕಲ್ಲು ಎತ್ತಿದರೂ ಚಪ್ಪಟೆ ಹುಳಗಳು ಸರಸರ ಓಡುತ್ತಿದ್ದವು. ಏಪ್ರಿಲ್‌ನಲ್ಲಿ ನೋಡಿದರೆ ಒಂದೂ ಇಲ್ಲ. ನೀರು ಹಾಲು ಹಾಕದ ಟೀ ಬಣ್ಣಕ್ಕೆ ತಿರುಗಿದೆ. ಮೇಲುಗಡೆ ಒಬ್ಬರು ಹೊಸದಾಗಿ ಅಡಿಕೆ ತೋಟ ಮಾಡಿದ್ದಾರೆ. ಅವರೇ ಏನೋ ಬಿಡುತ್ತಿದ್ದಾರೆ ಅಂತ ನನ್ನ ಅನುಮಾನ. ಪಂಚಾಯ್ತಿಗೆ ಅರ್ಜಿ ಕೊಡಲೇ?
— ಅಡಿಕೆ ಬೆಳೆಗಾರ, ಹೊಸನಗರ ತಾಲ್ಲೂಕು

ಉತ್ತರ: ಅರ್ಜಿಯನ್ನು ಸ್ವಲ್ಪ ತಡೆಯಿರಿ. ನಿಮ್ಮ ಅನುಮಾನ ನಿಜವೂ ಇರಬಹುದು. ಆದರೆ ನೀವು ಬರೆದಿರುವುದರಲ್ಲಿ ತೋಟದವರ ತಪ್ಪಿಗಿಂತ ಬೇಸಿಗೆಯ ಗುರುತುಗಳೇ ಹೆಚ್ಚು ಕಾಣುತ್ತಿವೆ.

ಕಲ್ಲಿನ ಮೇಲೆ ಅಡ್ಡಡ್ಡ ಜಾರಿ ಓಡುವ ಆ ಚಪ್ಪಟೆ ಹುಳ ಮೇಫ್ಲೈ ಎಂಬ ಕೀಟದ ಮರಿ. ತಿಂಗಳುಗಟ್ಟಲೆ ನೀರಿನಲ್ಲಿದ್ದು, ಕೊನೆಗೆ ರೆಕ್ಕೆ ಮೂಡಿಸಿಕೊಂಡು ಹಾರಿಹೋಗುತ್ತದೆ. ಹಾರುವ ಕಾಲದಲ್ಲಿ ಅದಕ್ಕೆ ಊಟವೂ ಇಲ್ಲ. ಜೋಡಿಯಾಗಿ, ನೀರಿಗೆ ಮೊಟ್ಟೆ ಇಟ್ಟು, ಒಂದೆರಡು ದಿನದೊಳಗೆ ಸಾಯುತ್ತದೆ. ಚಳಿಗಾಲ ಮುಗಿಯುತ್ತ ಬಂದ ಹಾಗೆ ದೊಡ್ಡ ಮರಿಗಳು ಎಷ್ಟೋ ಹಾರಿ ಮುಗಿದಿರುತ್ತವೆ. ಉಳಿದದ್ದು ಮೊಟ್ಟೆ, ಇಲ್ಲವೇ ಕಣ್ಣಿಗೆ ಕಾಣದಷ್ಟು ಪುಟ್ಟ ಮರಿ. ಕಲ್ಲಿನಡಿ ‘ಯಾರೂ ಇಲ್ಲ’ ಅನ್ನಿಸುವುದಕ್ಕೆ ಇದೊಂದು ಕಾರಣ.

ಇನ್ನೊಂದು ಕಾರಣ ಹರಿವು. ನವೆಂಬರ್‌ನಲ್ಲಿ ಕಲ್ಲಿನ ಮೇಲೆ ನೊರೆಯೆಬ್ಬಿಸಿ ಹರಿಯುತ್ತಿದ್ದ ಜಾಗ ಏಪ್ರಿಲ್‌ಗೆ ನಿಂತ ಗುಂಡಿಯಾಗಿರುತ್ತದೆ. ನಿಂತ ನೀರಿಗೆ ಗಾಳಿ ಬೆರೆಯುವುದು ಕಡಿಮೆ, ಬಿಸಿಯಾಗುವುದು ಜಾಸ್ತಿ. 20 ಡಿಗ್ರಿಯ ನೀರು ಲೀಟರಿಗೆ ಸುಮಾರು 9 ಮಿಲಿಗ್ರಾಂ ಆಮ್ಲಜನಕ ಹಿಡಿದಿಟ್ಟುಕೊಳ್ಳಬಲ್ಲದು. 30 ಡಿಗ್ರಿಗೆ ಏರಿದರೆ ಹಿಡಿಯುವುದು ಏಳೂವರೆಯಷ್ಟೇ. ಅದು ಸಮುದ್ರಮಟ್ಟದ ಲೆಕ್ಕ, ನಮ್ಮ ಘಟ್ಟದ ಮೇಲೆ ಇನ್ನೂ ಸ್ವಲ್ಪ ಕಡಿಮೆ. ಜೊತೆಗೆ ಫೆಬ್ರವರಿ, ಮಾರ್ಚ್‌ನಲ್ಲಿ ಉದುರಿದ ದರಗೆಲ್ಲ ಗುಂಡಿಗೆ ಬಿದ್ದು ಕೊಳೆಯುತ್ತಿರುತ್ತದೆ. ನಿಮ್ಮ ಟೀ ಬಣ್ಣ ಬಹುಮಟ್ಟಿಗೆ ಆ ಎಲೆಗಳ ಒಗರು. ಕೊಳೆಯುವುದಕ್ಕೂ ಆಮ್ಲಜನಕ ಬೇಕು. ಹರಿವ ನೀರಿನ ಹುಳಗಳು ಇಂಥ ಕಡೆ ಬಾಳುವುದಿಲ್ಲ. ಅವುಗಳ ಜಾಗಕ್ಕೆ ಏರೋಪ್ಲೇನ್ ಚಿಟ್ಟೆಯ ಮರಿಗಳು, ನೀರಿನ ಜೀರುಂಡೆಗಳು, ನೀರ ಮೇಲೆ ಕಾಲು ಚಾಚಿ ಓಡುವ ತಿಗಣೆಗಳು ಬರುತ್ತವೆ. ಒಂದು ತೊಟ್ಟು ವಿಷ ಬೀಳದ, ಮೇಲೆ ಮನೆಯೇ ಇಲ್ಲದ ದಟ್ಟ ಕಾಡಿನ ಹಳ್ಳದಲ್ಲೂ ಇದು ಆಗುತ್ತದೆ.

ಹಾಗಾದರೆ ತೋಟದವರ ಸಂಗತಿ ಗೊತ್ತಾಗುವುದು ಹೇಗೆ? ಅವರ ಬಸಿಗಾಲುವೆ ಹಳ್ಳಕ್ಕೆ ಸೇರುವ ಜಾಗ ಹುಡುಕಿ. ಅದರ ಮೇಲೊಂದು ಕಡೆ, ಕೆಳಗೊಂದು ಕಡೆ, ಒಂದೇ ದಿನ ನೋಡಿ. ಎರಡೂ ಕಡೆ ನೀರಿನ ಓಟ ಒಂದೇ ಥರ ಇರಬೇಕು, ಕಲ್ಲಿನ ಗಾತ್ರ ಹೆಚ್ಚುಕಮ್ಮಿ ಒಂದೇ ಇರಬೇಕು. ಮರದ ನೆರಳೂ ಸಮ ಇರಬೇಕು. ನೆರಳಿನ ಮಾತನ್ನು ಬಹಳ ಜನ ಮರೆಯುತ್ತಾರೆ. ಬಿಸಿಲು ಬೀಳುವ ಕಡೆ ಕಲ್ಲಿಗೆ ಪಾಚಿ ಕಟ್ಟುತ್ತದೆ, ಪಾಚಿ ತಿನ್ನುವ ಹುಳಗಳು ಹೆಚ್ಚುತ್ತವೆ. ಅದನ್ನು ಕೊಳಕು ಅಂದುಕೊಳ್ಳಬಾರದು. ಮೇಲೂ ಖಾಲಿ, ಕೆಳಗೂ ಖಾಲಿ ಅಂದರೆ ಬೇಸಿಗೆಯ ಆಟ. ಮೇಲೆ ಚಪ್ಪಟೆ ಹುಳ ಇದ್ದು, ಕೆಳಗೆ ಬರೀ ಕೆಂಪು ಹುಳ, ಜಿಗಣೆ ಸಿಕ್ಕರೆ ನಡುವೆ ಏನೋ ಸೇರುತ್ತಿದೆ. ಬರುವ ನವೆಂಬರ್‌ನಲ್ಲಿ ಇನ್ನೊಮ್ಮೆ ಹೀಗೇ ನೋಡಿ. ನವೆಂಬರನ್ನು ನವೆಂಬರಿನ ಜೊತೆಗೇ ಹೋಲಿಸಬೇಕು, ಏಪ್ರಿಲ್ ಜೊತೆಗಲ್ಲ. ಅರ್ಜಿ ಆಮೇಲೆ.

ಇನ್ನೊಂದು ಮಾತು. ಹೊಸ ತೋಟ ಅಂದಿರಿ. ಜೆಸಿಬಿ ಬಂದಿತ್ತೇ? ಎಷ್ಟೋ ಸಲ ಹಳ್ಳಕ್ಕೆ ಔಷಧಿಗಿಂತ ದೊಡ್ಡ ಪೆಟ್ಟು ಕೊಡುವುದು ಕೆಂಪು ಮಣ್ಣು. ಮೊದಲ ಮಳೆಗೆ ಇಳಿದು ಬಂದ ಗೋಡು ಕಲ್ಲುಗಳ ನಡುವಿನ ಸಂದಿ ತುಂಬಿಬಿಡುತ್ತದೆ. ಆ ಸಂದಿಯೇ ಹುಳಗಳ ಮನೆ. ಬಾಟಲಿಯಲ್ಲಿ ನೀರು ತುಂಬಿ ಪ್ರಯೋಗಾಲಯಕ್ಕೆ ಕಳಿಸಿದರೆ ನೀರು ಚೆನ್ನಾಗಿದೆ ಅಂತಲೇ ವರದಿ ಬಂದೀತು, ಏಕೆಂದರೆ ಅಷ್ಟರಲ್ಲಿ ಮಣ್ಣು ತಳಕ್ಕೆ ಕೂತಿರುತ್ತದೆ. ಕಲ್ಲನ್ನು ಎತ್ತುವಾಗ ಸಲೀಸಾಗಿ ಬರುತ್ತದೋ, ಹೂತುಕೊಂಡು ಅಲುಗಾಡದೆ ಕೂತಿದೆಯೋ ನೋಡಿ.

ಪ್ರಶ್ನೆ: ಮೇಡಂ, ನಾನು ಒಂಬತ್ತನೇ ತರಗತಿ. ವಿಜ್ಞಾನ ಪ್ರಾಜೆಕ್ಟಿಗೆ ನಮ್ಮೂರ ಹಳ್ಳದ ಹುಳಗಳನ್ನು ತೆಗೆದುಕೊಂಡಿದ್ದೇನೆ. ಸೂಕ್ಷ್ಮದರ್ಶಕ ಇಲ್ಲದೆ ಗುರುತಿಸುವುದು ಹೇಗೆ? ನಮ್ಮ ಹಳ್ಳ ಮಾಲತಿ ಹೊಳೆಗೆ ಸೇರುತ್ತದೆ.
— ವಿದ್ಯಾರ್ಥಿನಿ, ತೀರ್ಥಹಳ್ಳಿ ತಾಲ್ಲೂಕು

ಉತ್ತರ: ಒಳ್ಳೆಯ ವಿಷಯ ಹಿಡಿದಿದ್ದೀಯ ಪುಟ್ಟಿ. ಬೇಕಾಗಿರುವುದು ಹಳೇ ಸೊಳ್ಳೆಪರದೆಯ ತುಂಡು ಹೊಲಿದ ಒಂದು ಬಲೆ, ಒಂದು ಬಿಳಿ ಪ್ಲಾಸ್ಟಿಕ್ ತಟ್ಟೆ, ಒಂದು ಭೂತಗನ್ನಡಿ. ತಟ್ಟೆ ಬಿಳಿಯದ್ದೇ ಇರಲಿ. ಸ್ಟೀಲ್ ತಟ್ಟೆಯಲ್ಲಿ ಹೊಳಪಿಗೆ ಏನೂ ಕಾಣುವುದಿಲ್ಲ.

ನೀರು ಕಲ್ಲಿಗೆ ಬಡಿದು ಹರಿಯುವ, ಮೊಣಕಾಲಿಗಿಂತ ಕಡಿಮೆ ಆಳದ ಜಾಗದಲ್ಲಿ ಬಲೆಯ ಬಾಯಿ ಹರಿವಿಗೆ ಎದುರಾಗುವಂತೆ ಹಿಡಿ. ಬಲೆಯ ಮುಂದಿನ ಕಲ್ಲುಗಳನ್ನು ಕಾಲಿನಿಂದ ಎರಡು ಮೂರು ನಿಮಿಷ ಕದಡು. ಎದ್ದದ್ದೆಲ್ಲ ಬಲೆಗೆ ಬರುತ್ತದೆ. ತಟ್ಟೆಗೆ ನೀರು ಹಾಕಿ ಬಲೆಯನ್ನು ಅದರಲ್ಲಿ ಜಾಲಾಡಿಸಿ ಸುಮ್ಮನೆ ಕೂರು. ಮೊದಲಿಗೆ ಬರೀ ಕಸ ಅನ್ನಿಸುತ್ತದೆ. ಗೋಡು ತಿಳಿಯಾದ ಮೇಲೆ ಕಸವೇ ನಡೆಯಲು ಶುರುಮಾಡುತ್ತದೆ.

ಬಾಲ ಎಣಿಸು. ಮೂರು ಬಾಲದ ಎಳೆ ಇದ್ದು, ಹೊಟ್ಟೆಯ ಎರಡೂ ಪಕ್ಕ ಸಣ್ಣ ಎಲೆಯಂಥ ಕಿವಿರುಗಳು ಪಟಪಟ ಬಡಿಯುತ್ತಿದ್ದರೆ ಅದು ಮೇಫ್ಲೈ ಮರಿ. ಎರಡೇ ಬಾಲ ಇದ್ದರೆ ಸ್ಟೋನ್‌ಫ್ಲೈ ಎಂಬ ಇನ್ನೊಂದು ಕೀಟದ ಮರಿ ಇರಬಹುದು. ಆದರೆ ಎರಡು ಬಾಲದ ಮೇಫ್ಲೈಗಳೂ ಇವೆ, ಬಾಲ ಮುರಿದುಕೊಂಡವೂ ಇರುತ್ತವೆ, ಹಾಗಾಗಿ ಅಲ್ಲಿಗೇ ನಿಲ್ಲಬೇಡ. ಭೂತಗನ್ನಡಿಯಲ್ಲಿ ಪಾದ ನೋಡು: ಮೇಫ್ಲೈಗೆ ಪ್ರತಿ ಕಾಲಿಗೆ ಒಂದು ಉಗುರು, ಸ್ಟೋನ್‌ಫ್ಲೈಗೆ ಎರಡು. ನಮ್ಮ ಕಡೆಯ ಸ್ಟೋನ್‌ಫ್ಲೈಗಳಿಗೆ ಕಿವಿರು ಹೊಟ್ಟೆಯ ಪಕ್ಕದಲ್ಲಿರುವುದಿಲ್ಲ. ಕಾಲಿನ ಬುಡದಲ್ಲಿ ಬಿಳಿ ಕುಚ್ಚಿನ ಹಾಗೆ ಇರುತ್ತದೆ. ತಟ್ಟೆಯಲ್ಲಿ ಸ್ವಲ್ಪ ಹೊತ್ತು ಬಿಟ್ಟು ನೋಡು. ನೀರು ಬೆಚ್ಚಗಾಗಿ ಉಸಿರು ಕಟ್ಟತೊಡಗಿದರೆ ಅದು ಆರು ಕಾಲನ್ನೂ ಊರಿ, ಮೈಯನ್ನು ಮೇಲೆ ಕೆಳಗೆ ಮಾಡುತ್ತ ದಂಡ ಹೊಡೆಯುತ್ತದೆ. ಕಿವಿರಿನ ಮೇಲೆ ನೀರು ಆಡಲಿ ಅಂತ ಆ ಪಾಡು. ಇಷ್ಟು ನೋಡಿದರೆ ಆಮ್ಲಜನಕ ಕಡಿಮೆಯಾದ ಹಳ್ಳದಲ್ಲಿ ಅದು ಯಾಕೆ ಇರಲಾರದು ಎಂದು ಪುಸ್ತಕ ಓದದೆ ಗೊತ್ತಾಗುತ್ತದೆ. ದಂಡ ಹೊಡೆಯಲು ಶುರುಮಾಡಿದ ಕೂಡಲೇ ಹಳ್ಳಕ್ಕೆ ಬಿಟ್ಟುಬಿಡು.

ಮರಳಿನ ಕಣವನ್ನೋ ಎಲೆಯ ಚೂರನ್ನೋ ಅಂಟಿಸಿಕೊಂಡು ಕೊಳವೆಯೊಳಗೆ ಕೂತಿರುವವನು ಕ್ಯಾಡಿಸ್ ಎಂಬ ಕೀಟದ ಮರಿ. ಕೊಳವೆ ಕಟ್ಟದ ಕ್ಯಾಡಿಸ್‌ಗಳೂ ಇವೆ, ಅವು ಕಲ್ಲುಗಳ ಸಂದಿಯಲ್ಲಿ ಹರಿವಿಗೆ ಎದುರಾಗಿ ರೇಷ್ಮೆ ಬಲೆ ನೇಯ್ದು, ತೇಲಿಬಂದದ್ದನ್ನು ತಿನ್ನುತ್ತವೆ. ಇನ್ನೊಬ್ಬನನ್ನು ಹಿಡಿಯಲು ಬಲೆ ಸಾಲದು, ಕಲ್ಲನ್ನೇ ಎತ್ತಿ ಕಣ್ಣಿನ ಹತ್ತಿರ ತರಬೇಕು: ಕಲ್ಲಿಗೆ ಮೆತ್ತಿಕೊಂಡ ಕಂದು ಬಣ್ಣದ ಪುಟ್ಟ ಬಿಲ್ಲೆ. ಮೇಲಿನಿಂದ ತಲೆಯೂ ಕಾಣದು, ಕಾಲೂ ಕಾಣದು. ಉಗುರಿನಿಂದ ಮೆಲ್ಲಗೆ ಎಬ್ಬಿಸಿ ಮಗುಚಿದರೆ ಆರು ಕಾಲು ಆಡುತ್ತವೆ. ವಾಟರ್ ಪೆನ್ನಿ ಎಂಬ ಜೀರುಂಡೆಯ ಮರಿ ಅದು. ಓಟದ, ತಂಪಾದ, ಗಾಳಿ ಬೆರೆತ ನೀರಿನಲ್ಲೇ ಇರುತ್ತದೆ. ಪಾಚಿ ಅತಿಯಾಗಿ ಕಟ್ಟಿದರೂ, ಗೋಡು ಕೂತರೂ ಕಲ್ಲಿಗೆ ಅಂಟಲಾರದೆ ಹೋಗಿಬಿಡುತ್ತದೆ.

ಎಲ್ಲವನ್ನೂ ಸಿಕ್ಕಿದ ಜಾಗಕ್ಕೇ ವಾಪಸು ಬಿಡಬೇಕು, ಏಡಿಯನ್ನೂ. ಮೇಲಿಟ್ಟ ಕಲ್ಲನ್ನು ಮೊದಲಿದ್ದ ಮಗ್ಗುಲಿಗೇ ಇಡು. ಮತ್ತೆ, ಒಬ್ಬಳೇ ಹೋಗಬೇಡ.

ಪ್ರಶ್ನೆ: ಸಿಮೆಂಟ್ ತೊಟ್ಟಿಯ ತಳದಲ್ಲಿ ರಕ್ತದ ಬಣ್ಣದ ಹುಳಗಳು ನುಲಿದಾಡುತ್ತಿವೆ. ಬಚ್ಚಲಿಗೆ ಅದೇ ನೀರು. ಮಕ್ಕಳ ಮೈಗೆ ಹತ್ತುತ್ತದೆಯೇ?
— ಗೃಹಿಣಿ, ಸಾಗರ

ಉತ್ತರ: ಹತ್ತುವುದಿಲ್ಲ, ಕಚ್ಚುವುದೂ ಇಲ್ಲ. ಕೈರೋನಾಮಿಡ್ ಎಂಬ, ಸೊಳ್ಳೆಯ ಹಾಗೇ ಕಾಣುವ ಆದರೆ ರಕ್ತ ಹೀರದ ನೊಣದ ಮರಿ ಅದು. ಕೆಂಪು ಬಣ್ಣ ನಮ್ಮ ರಕ್ತದಲ್ಲಿರುವಂಥ ಹಿಮೋಗ್ಲೋಬಿನ್‌ನದು. ಆಮ್ಲಜನಕ ತೀರಾ ಕಡಿಮೆ ಇರುವ ಕೆಸರಿನಲ್ಲೂ ಬದುಕಲು ಅದೇ ಅದರ ಬಂಡವಾಳ. ತಳದಲ್ಲಿ ಗಸಿ ಕೂತಿದೆ ಎಂದು ಅರ್ಥ. ತೊಟ್ಟಿ ಖಾಲಿ ಮಾಡಿ ಉಜ್ಜಿ ತೊಳೆದು ಬಲೆ ಮುಚ್ಚಿ. ಆದರೆ ಹಳ್ಳದಲ್ಲಿ ಒಂದೆರಡು ಕೆಂಪು ಹುಳ ಕಂಡ ಮಾತ್ರಕ್ಕೆ ಗಾಬರಿ ಬೇಡ. ಒಳ್ಳೆಯ ನೀರಿನಲ್ಲೂ ಅವು ಇರುತ್ತವೆ. ಉಳಿದವರೆಲ್ಲ ಹೋಗಿ ಅವು ಮಾತ್ರ ಉಳಿದಾಗ ಯೋಚಿಸಬೇಕು.

ಪ್ರಶ್ನೆ: ಅಡಿಕೆಯ ಕೊಳೆರೋಗಕ್ಕೆ ಹೊಡೆಯುವ ಬೋರ್ಡೋ ದ್ರಾವಣದಿಂದ ಹಳ್ಳದ ಜೀವಿಗಳಿಗೆ ತೊಂದರೆ ಇದೆಯೇ? ನಮ್ಮಲ್ಲಿ ಕಾಫಿಯೂ ಇದೆ, ಪಲ್ಪರ್ ನೀರಿನ ಬಗ್ಗೆಯೂ ತಿಳಿಸಿ.
— ಬೆಳೆಗಾರ, ಕೊಪ್ಪ

ಉತ್ತರ: ಬೋರ್ಡೋ ಅಂದರೆ 100 ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ. ಮೈಲುತುತ್ತದಲ್ಲಿ ಇರುವುದು ತಾಮ್ರ. ಶಿಲೀಂಧ್ರಕ್ಕೆ ವಿಷವಾಗುವ ಅದೇ ತಾಮ್ರ ಮೇಫ್ಲೈ ಮರಿಗೂ, ಸೀಗಡಿಗೂ, ಬಸವನಹುಳಕ್ಕೂ ವಿಷ. ಗಡಸು ನೀರಿನಲ್ಲಿ ಸುಣ್ಣದ ಅಂಶ ತಾಮ್ರವನ್ನು ಕಿವಿರಿನ ಬಳಿ ಅಷ್ಟಿಷ್ಟು ತಡೆಯುತ್ತದೆ. ನಮ್ಮ ಮಲೆನಾಡಿನ ಹಳ್ಳಗಳದು ಮೆದು ನೀರು. ಆ ರಕ್ಷಣೆ ಇಲ್ಲಿ ಕಡಿಮೆ.

ಆದರೆ ಔಷಧಿ ಹೊಡೆಯುವ ಜೂನ್, ಜುಲೈನಲ್ಲೇ ಹಳ್ಳಕ್ಕಿಳಿದು ಹುಳ ಎಣಿಸಿ ‘ನೋಡಿ, ಬೋರ್ಡೋ ಕೊಂದಿತು’ ಅನ್ನುವುದು ಸರಿಯಲ್ಲ. ಆರಿದ್ರೆ ಮಳೆಗೆ ಕಲ್ಲುಗಳೇ ಉರುಳುತ್ತಿರುತ್ತವೆ. ಹುಳಗಳು ಕೊಚ್ಚಿಹೋಗುತ್ತವೆ, ಇಲ್ಲವೇ ಜಲ್ಲಿಯ ಅಡಿಗೆ ಇಳಿದು ಕೂರುತ್ತವೆ. ವರ್ಷಕ್ಕೆ 7000 ಮಿಲಿಮೀಟರ್ ಮಳೆ ಕಾಣುವ ಆಗುಂಬೆಯ ಸುತ್ತಿನ ಹಳ್ಳಗಳಲ್ಲಂತೂ ಮಳೆಗಾಲದ ಎಣಿಕೆಗೆ ಅರ್ಥವೇ ಇಲ್ಲ. ಆಗ ನೀರಿಗಿಳಿಯುವುದು ಅಪಾಯ ಬೇರೆ. ಮಳೆ ಹಿಂದಾಗಿ ನೀರು ತಿಳಿಯಾಗಿ ಎರಡು ವಾರ ಬಿಟ್ಟು, ಅಕ್ಟೋಬರ್ ಕೊನೆಗೋ ನವೆಂಬರ್‌ಗೋ ತೋಟದ ಮೇಲೂ ಕೆಳಗೂ ನೋಡಿ. ತಾಮ್ರ ಗೋಡಿನಲ್ಲಿ ಕೂತು ಉಳಿಯುತ್ತದೆ, ಆದ್ದರಿಂದ ವ್ಯತ್ಯಾಸ ಇದ್ದರೆ ಆಗಲೂ ಸಿಗುತ್ತದೆ.

ಎಲೆಗೊನೆಗೆ ಬಿದ್ದ ದ್ರಾವಣಕ್ಕಿಂತ ನನಗೆ ಕೋಪ ಬರಿಸುವುದು ಡ್ರಮ್ಮು, ಪಂಪು, ಪೈಪುಗಳನ್ನು ಸಂಜೆ ಹಳ್ಳದಲ್ಲೇ ತೊಳೆಯುವ ಅಭ್ಯಾಸ. ತಳದಲ್ಲಿ ಉಳಿದ ಗಟ್ಟಿ ದ್ರಾವಣ ಒಂದೇ ಏಟಿಗೆ ನೀರಿಗೆ ಹೋಗುತ್ತದೆ. ಹಳ್ಳದಿಂದ ದೂರ, ಗುಂಡಿ ತೆಗೆದು ಅಲ್ಲಿ ತೊಳೆಸಿ. ಕೆಲಸದವರಿಗೆ ಎರಡು ಕೊಡ ನೀರು ಹೊತ್ತುಕೊಡಬೇಕಾದೀತು, ಅಷ್ಟೇ ಖರ್ಚು.

ಪಲ್ಪರ್ ನೀರಿನ, ಅಂದರೆ ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಯಂತ್ರದಿಂದ ಬರುವ ನೀರಿನ, ಕಥೆ ಬೇರೆ. ಅದು ಹಳ್ಳಕ್ಕೆ ಬರುವುದು ಹರಿವು ಇಳಿಯುತ್ತಿರುವ ಡಿಸೆಂಬರ್, ಜನವರಿಯಲ್ಲಿ. ಹುಳಿ, ಸಕ್ಕರೆ, ಲೋಳೆ ತುಂಬಿದ ನೀರು. ಅದನ್ನು ಜೀರ್ಣಿಸಲು ಸೂಕ್ಷ್ಮಜೀವಿಗಳು ಹಳ್ಳದ ಆಮ್ಲಜನಕವನ್ನೆಲ್ಲ ಬಳಸಿಬಿಡುತ್ತವೆ. ಕಲ್ಲಿನ ಮೇಲೆ ಬೂದು ಬಣ್ಣದ, ಹತ್ತಿಯಂಥ ಲೋಳೆ ಕಟ್ಟಿದ್ದರೆ ಹುಳ ಹುಡುಕುವ ಅಗತ್ಯವೂ ಇಲ್ಲ. ವರ್ಷದಲ್ಲಿ ಹುಳಗಳು ಅತ್ಯಂತ ಸಮೃದ್ಧವಾಗಿರಬೇಕಾದ ತಿಂಗಳುಗಳವು. ಆಗ ಹಳ್ಳ ಖಾಲಿ ಇದ್ದರೆ ಋತುವಿನ ಮೇಲೆ ತಪ್ಪು ಹೊರಿಸಿ ತಪ್ಪಿಸಿಕೊಳ್ಳಲು ಬರುವುದಿಲ್ಲ. ನೀರನ್ನು ಹೊಂಡದಲ್ಲಿ ನಿಲ್ಲಿಸಿ, ಸುಣ್ಣ ಹಾಕಿ, ಸಂಸ್ಕರಿಸದೆ ಹಳ್ಳಕ್ಕೆ ಬಿಡಬೇಡಿ.

ಪ್ರಶ್ನೆ: ನಮ್ಮ ಹೋಂಸ್ಟೇಗೆ ಗುಡ್ಡದ ಅಬ್ಬಿ ನೀರು ಪೈಪಿನಲ್ಲಿ ಬರುತ್ತದೆ. ನೀವು ಹೇಳುವ ಸ್ಟೋನ್‌ಫ್ಲೈ ಅಲ್ಲಿ ಧಾರಾಳ. ಅತಿಥಿಗಳಿಗೆ ‘ಶುದ್ಧ ನೀರು, ಹಾಗೇ ಕುಡಿಯಿರಿ’ ಎಂದು ಬೋರ್ಡ್ ಹಾಕಬಹುದೇ?
— ಶೃಂಗೇರಿ

ಉತ್ತರ: ದಯವಿಟ್ಟು ಹಾಕಬೇಡಿ. ಸ್ಟೋನ್‌ಫ್ಲೈ ಹೇಳುವುದು ಆಮ್ಲಜನಕ, ಓಟ, ಕಲ್ಲಿನ ಸ್ಥಿತಿಯ ಬಗ್ಗೆ. ಮೇಲೆ ಕಾಡುಕೋಣ ಸಗಣಿ ಹಾಕಿದ್ದು, ಇಲಿ ಮೂತ್ರ ಸೇರಿದ್ದು ಅದಕ್ಕೆ ಲೆಕ್ಕಕ್ಕೇ ಇಲ್ಲ. ಇಲಿಜ್ವರ ಬರಿಸುವ ರೋಗಾಣು ಇದ್ದ ನೀರಿನಲ್ಲೂ ಸ್ಟೋನ್‌ಫ್ಲೈ ಸುಖವಾಗಿರುತ್ತದೆ. ಕುದಿಸಿ ಆರಿಸಿ ಕೊಡಿ.

ಪ್ರಶ್ನೆ: ಹುಳಗಳಿಂದ ನೀರಿಗೆ ಅಂಕ ಕೊಡುವ ಕ್ರಮ ಇದೆಯಂತೆ. ಭಾರತದಲ್ಲಿ ಅದಕ್ಕೆ ಮಾನ್ಯತೆ ಇದೆಯೇ?
— ಎಂ.ಎಸ್ಸಿ. ವಿದ್ಯಾರ್ಥಿ, ಶಿವಮೊಗ್ಗ

ಉತ್ತರ: ಇದೆ, ಹೊಸದೂ ಅಲ್ಲ. ಯಾವ ಜೀವಿ ಎಷ್ಟು ಕೊಳಕು ತಡೆಯುತ್ತದೆ ಎಂದು ಜರ್ಮನಿಯ ಕೋಲ್ಕ್‌ವಿಟ್ಸ್ ಮತ್ತು ಮಾರ್ಸನ್ 1908-09ರಲ್ಲೇ ಪಟ್ಟಿ ಮಾಡಿದ್ದರು. ಬ್ರಿಟನ್ನಿನಲ್ಲಿ 1970ರ ದಶಕದ ಕೊನೆಗೆ ಬಿಎಂಡಬ್ಲ್ಯುಪಿ ಎಂಬ ಅಂಕಪದ್ಧತಿ ಬಂತು. ಹುಳಗಳ ಪ್ರತಿ ಕುಟುಂಬಕ್ಕೆ 1ರಿಂದ 10, ಕೊಳಕು ತಡೆಯದವಕ್ಕೆ ಹೆಚ್ಚು. ನಮ್ಮ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ ಅದೇ ಜಾಡಿನಲ್ಲಿ ಜೈವಿಕ ಮಾನದಂಡ ಮಾಡಿ, ನೀರನ್ನು ‘ಎ’ಯಿಂದ ‘ಇ’ವರೆಗೆ ಐದು ದರ್ಜೆಯಲ್ಲಿ ಇಟ್ಟಿದೆ. ಅದರಲ್ಲಿ ಕುಟುಂಬದ ಅಂಕದ ಜೊತೆ ವೈವಿಧ್ಯದ ಅಂಕವನ್ನೂ ನೋಡುತ್ತಾರೆ.

ಬ್ರಿಟಿಷ್ ಅಂಕಗಳಲ್ಲೇ ಒಂದು ಲೆಕ್ಕ ಮಾಡೋಣ. ಮೇಲಿನ ಜಾಗದಲ್ಲಿ ಸ್ಟೋನ್‌ಫ್ಲೈಗಳ ಪರ್ಲಿಡೇ (10), ಮೇಫ್ಲೈಗಳ ಹೆಪ್ಟಜೀನಿಡೇ (10), ಲೆಪ್ಟೋಫ್ಲೀಬಿಡೇ (10), ಏರೋಪ್ಲೇನ್ ಚಿಟ್ಟೆಗಳ ಗಾಂಫಿಡೇ (8), ಬಲೆ ನೇಯುವ ಕ್ಯಾಡಿಸ್‌ಗಳ ಹೈಡ್ರೋಸೈಕಿಡೇ (5), ಇನ್ನೊಂದು ಮೇಫ್ಲೈ ಕುಟುಂಬ ಬೀಟಿಡೇ (4), ಕೆಂಪು ಹುಳದ ಕೈರೋನಾಮಿಡೇ (2) ಸಿಕ್ಕವು ಅನ್ನಿ. ಮೊತ್ತ 49, ಏಳು ಕುಟುಂಬಕ್ಕೆ ಭಾಗಿಸಿದರೆ ಸರಾಸರಿ 7. ಕೆಳಗಿನ ಜಾಗದಲ್ಲಿ ಹೈಡ್ರೋಸೈಕಿಡೇ, ಬೀಟಿಡೇ, ಒಂದು ಬಗೆಯ ಜಿಗಣೆ (3), ಕೈರೋನಾಮಿಡೇ, ಕೆಸರಿನ ಎರೆಹುಳಗಳು (1). ಮೊತ್ತ 15, ಸರಾಸರಿ 3. ಮೊತ್ತ ನೀವು ಎಷ್ಟು ಹೊತ್ತು ಹುಡುಕಿದಿರಿ ಎಂಬುದರ ಮೇಲೆ ಏರಿಳಿಯುತ್ತದೆ. ಸರಾಸರಿ ಅಷ್ಟು ಅಲುಗಾಡುವುದಿಲ್ಲ, ಋತು ಬದಲಾದಾಗಲೂ ಕಡಿಮೆ ಏರುಪೇರು. ನಾನಾದರೆ ಸರಾಸರಿಯನ್ನೇ ನಂಬುತ್ತೇನೆ.

ಒಂದು ಎಚ್ಚರ: ಆ ಅಂಕಗಳು ಇಂಗ್ಲೆಂಡಿನ ತಣ್ಣಗಿನ ಹೊಳೆಗಳನ್ನು ನೋಡಿ ಕೊಟ್ಟವು. ವಾಟರ್ ಪೆನ್ನಿಯ ಕುಟುಂಬಕ್ಕೆ ಮೂಲ ಪಟ್ಟಿಯಲ್ಲಿ ಜಾಗವೇ ಇಲ್ಲ. ಇಂಗ್ಲೆಂಡಿನಲ್ಲಿ ಸ್ಟೋನ್‌ಫ್ಲೈ ಕುಟುಂಬಗಳು ಹಲವು; ನಮ್ಮ ಘಟ್ಟದಲ್ಲಿ ಸಿಗುವವು ಬಹುಪಾಲು ಪರ್ಲಿಡೇ ಒಂದೇ. ಆದ್ದರಿಂದ ಅಲ್ಲಿನ ಅಂಕಕ್ಕೆ ನಮ್ಮ ಹಳ್ಳ ತೂಗಲಿಲ್ಲ ಎಂದು ಫೇಲು ಮಾಡಬೇಡಿ. ಶರಾವತಿ ಕಣಿವೆಯ ಹಳ್ಳ ನೋಡುವುದಾದರೆ, ಅದೇ ಕಣಿವೆಯಲ್ಲಿ ಮೇಲೆ ತೋಟವಾಗಲಿ ರಸ್ತೆಯಾಗಲಿ ಇಲ್ಲದ ಒಂದು ಹಳ್ಳವನ್ನು ಆರಿಸಿ, ಅದೇ ತಿಂಗಳ ಅದರ ಅಂಕವನ್ನೇ ನಿಮ್ಮ ಅಳತೆಗೋಲು ಮಾಡಿಕೊಳ್ಳಿ. ಅಭಯಾರಣ್ಯದೊಳಗಾದರೆ ಅರಣ್ಯ ಇಲಾಖೆಯ ಅನುಮತಿ ಮೊದಲು.

ಪ್ರಶ್ನೆ: ಮಕ್ಕಳನ್ನು ಜನವರಿಯಲ್ಲಿ ಹಳ್ಳಕ್ಕೆ ಕರೆದೊಯ್ಯಬೇಕೆಂದಿದ್ದೇನೆ. ಏನೇನು ಎಚ್ಚರ ಬೇಕು?
— ಶಾಲಾ ಶಿಕ್ಷಕ, ಸೊರಬ

ಉತ್ತರ: ಹುಳ ನೋಡಲು ಜನವರಿ ಬಹಳ ಒಳ್ಳೆಯ ತಿಂಗಳು. ಮಂಗನಕಾಯಿಲೆಗೂ ಅದೇ ಕಾಲ, ಅದೇ ತೊಡಕು. 1957ರಲ್ಲಿ ಆ ಕಾಯಿಲೆ ಮೊದಲು ಪತ್ತೆಯಾದ ಕ್ಯಾಸನೂರು ಕಾಡು ನಿಮ್ಮ ತಾಲ್ಲೂಕಿನದೇ, ನಾನು ಹೊಸದಾಗಿ ಹೇಳಬೇಕಿಲ್ಲ. ಡಿಸೆಂಬರ್‌ನಿಂದ ಮೇವರೆಗೆ ಅದನ್ನು ಹರಡುವ ಉಣುಗಿನ ಕಾಟ. ಆರೋಗ್ಯ ಕೇಂದ್ರದಲ್ಲಿ ವಿಚಾರಿಸಿ, ಮಂಗ ಸತ್ತ ಸುದ್ದಿ ಇರುವ ಕಡೆ ಹೋಗಲೇಬೇಡಿ. ಊರಿನ ನಡುವೆ, ರಸ್ತೆ ಸೇತುವೆಯ ಹತ್ತಿರದ ಹಳ್ಳವೇ ಸಾಕು. ಉದ್ದ ತೋಳು, ಉದ್ದ ಪ್ಯಾಂಟು, ಉಣುಗು ಹತ್ತದಂತೆ ಹಚ್ಚುವ ಡೆಪಾ ಎಣ್ಣೆ. ಮನೆಗೆ ಬಂದ ಮೇಲೆ ಬಿಸಿನೀರಿನ ಸ್ನಾನ.

ಪ್ರಶ್ನೆ: ಮಾರ್ಚ್‌ನಲ್ಲಿ ನಮ್ಮ ಹಳ್ಳದ ಮಡುವಿನಲ್ಲಿ ಮೀನುಗಳು ಹೊಟ್ಟೆ ಮೇಲಾಗಿ ತೇಲಿದವು. ಯಾರೋ ಬ್ಲೀಚಿಂಗ್ ಪುಡಿ ಹಾಕಿದ್ದಾರೆ ಎನ್ನುತ್ತಾರೆ. ಮರುದಿನ ನೀರು ಪರೀಕ್ಷೆ ಮಾಡಿಸಿದರೆ ಏನೂ ಸಿಗಲಿಲ್ಲ. ಹುಳಗಳಿಂದ ತಿಳಿಯಬಹುದೇ?
— ತೀರ್ಥಹಳ್ಳಿ ತಾಲ್ಲೂಕು

ಉತ್ತರ: ಕ್ಲೋರಿನ್ ಬಿಸಿಲಿಗೆ, ಕೊಳೆತ ಎಲೆಗೆ ಬೇಗ ಕಳೆದುಹೋಗುತ್ತದೆ. ಮರುದಿನದ ಬಾಟಲಿಯಲ್ಲಿ ಸಿಗದೆ ಇದ್ದದ್ದು ಆಶ್ಚರ್ಯವಲ್ಲ. ಹುಳಗಳು ಹಾಗಲ್ಲ. ಮಡುವಿನ ತಳದ ಎಲೆಗಳನ್ನು ಬಲೆಯಲ್ಲಿ ಎತ್ತಿ ನೋಡಿ. ಸೀಗಡಿ, ಏರೋಪ್ಲೇನ್ ಚಿಟ್ಟೆಯ ಮರಿಗಳು ಒಟ್ಟಿಗೆ ಸತ್ತು ಬಿದ್ದಿದ್ದು, ಅದರ ಮೇಲಿನ ಗುಂಡಿಯಲ್ಲಿ ಅದೇ ಜಾತಿಗಳು ಜೀವಂತ ಇದ್ದರೆ, ಬಿಸಿಲಿಗೆ ಉಸಿರುಕಟ್ಟಿ ಸತ್ತವು ಎನ್ನುವ ವಾದ ನಿಲ್ಲುವುದು ಕಷ್ಟ.

ಮತ್ತೆ ತುಂಬಿಕೊಳ್ಳುವುದೂ ಎಲ್ಲವೂ ಒಂದೇ ಸಲಕ್ಕಲ್ಲ. ರೆಕ್ಕೆ ಬರುವಂಥವು ಬೇರೆ ಹಳ್ಳದಿಂದ ಹಾರಿಬಂದು ಮೊಟ್ಟೆ ಇಡುತ್ತವೆ. ಮೇಲಿನಿಂದ ರಾತ್ರಿ ಹೊತ್ತು ತೇಲಿಬಂದು ಸೇರಿಕೊಳ್ಳುವ ಮರಿಗಳೂ ಇವೆ, ಆದರೆ ಹರಿವೇ ನಿಂತ ಮಾರ್ಚ್‌ನಲ್ಲಿ ಆ ದಾರಿ ಮುಚ್ಚಿರುತ್ತದೆ. ಸೀಗಡಿ, ಏಡಿ, ಬಸವನಹುಳಗಳಿಗೆ ರೆಕ್ಕೆಯೂ ಇಲ್ಲ. ಅವು ನಡೆದೋ ತೇಲಿಯೋ ಬರಬೇಕು, ಅದಕ್ಕೆ ಮಳೆಗಾಲ ಕಾಯಬೇಕು. ನೀರಿಗೆ ವಿಷ ಹಾಕಿ ಮೀನು ಕೊಲ್ಲುವುದು 1897ರ ಮೀನುಗಾರಿಕೆ ಕಾಯ್ದೆಯ ಕಾಲದಿಂದ ಅಪರಾಧ. ದೂರು ಕೊಡುವುದಾದರೆ ಸತ್ತದ್ದನ್ನು ಸ್ಪಿರಿಟ್ ಹಾಕಿದ ಬಾಟಲಿಯಲ್ಲಿಡಿ, ಮೇಲಿನ ಗುಂಡಿಯ ಫೋಟೋವನ್ನೂ ಅದೇ ದಿನ ತೆಗೆಯಿರಿ. ಜಾಗ, ತಾರೀಕು, ಹೊತ್ತು ಬರೆದ ಚೀಟಿಯನ್ನು ಬಾಟಲಿಯ ಒಳಗೇ ಹಾಕಿ. ಪೆನ್ಸಿಲ್‌ನಲ್ಲಿ ಬರೆಯಿರಿ, ಪೆನ್ನಿನ ಶಾಯಿ ಸ್ಪಿರಿಟ್‌ಗೆ ಕರಗಿ ಚೀಟಿ ಬೋಳಾಗುತ್ತದೆ.